ಟಿಕೆಟ್ಟು ಇಟ್ಟ ಪುಟ

ಊರಿನಲ್ಲಿ ನನಗೊಂದು ಹೆಸರಿದೆ. ಅದು ತಪ್ಪಾಗಿ ಬಂದದ್ದು ಎಂದು ಈ ಎಪ್ಪತ್ತೆರಡನೆಯ ವಯಸ್ಸಿನಲ್ಲಾದರೂ ಒಪ್ಪಿಕೊಂಡುಬಿಡುತ್ತೇನೆ. ಚಳ್ಳಕೆರೆಯ ಲೈಬ್ರರಿಗೆ ಬಂದವರು ಒಳ್ಳೆಯ ಪುಸ್ತಕ ಯಾವುದೆಂದು ಕೇಳಿದರೆ ಎಲ್ಲರ ಬೆರಳೂ ಕಿಟಕಿ ಪಕ್ಕದ ನನ್ನ ಕುರ್ಚಿಯನ್ನು ತೋರಿಸುತ್ತದೆ. ನಾನಾದರೋ ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಎಣ್ಣೆ ಗಿರಣಿಯಲ್ಲಿ ಶೇಂಗಾ ಚೀಲ ತೂಗಿಸುತ್ತಾ ಆಯಸ್ಸು ಕಳೆದವನು. ಆದರೂ ಕನ್ನಡಕ ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, ಗಲಭೆ ಎದ್ದ ದೇಶಗಳಲ್ಲಿ ತಿರುಗಾಡಿ ಬಂದವರ ಪ್ರವಾಸ ಕಥನ ಓದಿ ಎನ್ನುತ್ತೇನೆ. ಯಾರೋ ಗುಂಡಿನ ನಡುವೆ ಓಡುತ್ತಿರಬೇಕು, ನಾವು ಫ್ಯಾನಿನ ಕೆಳಗೆ ಮಂಡಕ್ಕಿ ಮೆಲ್ಲುತ್ತಾ ಅದನ್ನು ಓದಬೇಕು. ನಿಜವಾದ ಪ್ರಯಾಣ ನನಗೆ ಆಗಿಬರುವುದಿಲ್ಲ. ಮೊಳಕಾಲ್ಮುರಿನ ಬಸ್ಸು ಹತ್ತಿದರೆ ದಾರಿಯ ತಳಕು ಊರು ದಾಟುವಷ್ಟರಲ್ಲಿ ಹೊಟ್ಟೆ ತೊಳಸುತ್ತದೆ. ಮೂಗಿಗೆ ನಿಂಬೆಹಣ್ಣು ಹಿಡಿದುಕೊಂಡೇ ಅತ್ತೆಯ ಮನೆಗೆ ಹೋಗಿಬಂದ ಅಳಿಯ ನಾನು.

ಇನ್ನೂ ದೊಡ್ಡ ತಪ್ಪೊಂದಿದೆ. ಆ ಪುಸ್ತಕಗಳಲ್ಲಿ ಒಂದನ್ನೂ ನಾನು ಪೂರ್ತಿ ಓದಿಲ್ಲ. ಬಾಂಬು ಬೀಳುವವರೆಗೆ ಓದುತ್ತೇನೆ, ಬಿದ್ದ ಮೇಲೆ ನಿದ್ದೆ ಬರುತ್ತದೆ. ಹಿಂದೊಮ್ಮೆ ಗಿರಣಿಯ ಗೇಟು ಕಾಯುವವರಿಗೆ ಇಂಥದ್ದೊಂದನ್ನು ಶಿಫಾರಸು ಮಾಡಿದ್ದೆ. ಓದಿದ ಮಾರನೆಯ ದಿನವೇ ಅವರು ಸ್ವಂತ ಅಳಿಯನ ಬುತ್ತಿ ಬಿಚ್ಚಿಸಿ, ಮುದ್ದೆ ಮುರಿದು ಒಳಗೆ ಬಾಂಬು ಇದೆಯೇ ಎಂದು ನೋಡಿದರಂತೆ. ಆಗಲೇ ನಾನು ಬುದ್ಧಿ ಕಲಿಯಬಹುದಿತ್ತು.

ನನ್ನ ಹೆಂಡತಿ ಪದ್ಮಾವತಿಯ ತವರು ಮೊಳಕಾಲ್ಮುರು. ಅವಳ ಅಣ್ಣ ವೆಂಕಟೇಶಪ್ಪ ಅಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ಮದುವೆಯಾದ ಹೊಸದರಲ್ಲಿ ಪದ್ಮ ನನ್ನನ್ನು ಕೇಳಿದ್ದು ಒಂದೇ, ನೇಪಾಳದ ಪಶುಪತಿನಾಥನ ದರ್ಶನ. 'ಮುಂದಿನ ವರ್ಷ ನೋಡೋಣ' ಎಂದೆ. ನಲವತ್ತಾರು ವರ್ಷ ಅದನ್ನೇ ಹೇಳಿದೆ. ಈ ಸಲ ಅಣ್ಣನ ಬೀದಿಯವರೆಲ್ಲ ಗುಂಪು ಕಟ್ಟಿಕೊಂಡು ಹೊರಟಾಗ ಅವಳು ನನ್ನನ್ನು ಕೇಳದೆ ನಮ್ಮಿಬ್ಬರ ಹೆಸರನ್ನೂ ಬರೆಸಿಬಿಟ್ಟಳು. ದಿನಗಟ್ಟಲೆ ರೈಲು, ಆಮೇಲೆ ಬೆಟ್ಟದ ದಾರಿಯ ಬಸ್ಸು ಎಂದು ಕೇಳಿದ ಕೂಡಲೇ ನನ್ನ ಹೊಟ್ಟೆ ಕುಳಿತಲ್ಲೇ ತಳಕು ದಾಟಿತು.

ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಅವಳೇ ಬೇಡ ಎನ್ನಲಿ ಎಂದು ಉಪಾಯ ಹೂಡಿದೆ. ಅವಳು ತವರಿಗೆ ಹೊರಟಾಗ ಚೀಲದಲ್ಲಿ ಒಂದು ಪುಸ್ತಕ ಇಟ್ಟು, ಹೊರದೇಶಕ್ಕೆ ಹೋಗುವವರು ಇದನ್ನು ಓದಲೇಬೇಕು ಎಂದೆ. ಯುದ್ಧ ನಡೆಯುತ್ತಿದ್ದ ಬೆಟ್ಟದ ಸೀಮೆಯಲ್ಲಿ ಹೆಂಗಸೊಬ್ಬಳು ಒಂಟಿಯಾಗಿ ತಿರುಗಿದ ಕಥನ ಅದು. ಸೈನಿಕರು ಅವಳ ಚೀಲ ಕಿತ್ತುಕೊಂಡು, ಮುಂದಿನ ಸೇತುವೆ ಸಿಡಿದು ಬೀಳುವವರೆಗೆ ನಾನು ಓದಿದ್ದೆ. ಹೆದರಿಸಲು ಅಷ್ಟು ಸಾಕಿತ್ತು.

ಹತ್ತು ದಿನ ಬಿಟ್ಟು ಕರೆತರಲು ಹೊರಟೆ. ಹೋಗಲಿ ಬಿಡು, ದೇವರು ಎಲ್ಲ ಕಡೆ ಇದ್ದಾನೆ ಎಂದು ಸಮಾಧಾನ ಹೇಳುವುದನ್ನು ನಿಂಬೆಹಣ್ಣು ಮೂಸುತ್ತಲೇ ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡೆ. ಹೋಗಿ ನೋಡಿದರೆ ಭಾವ ವೆಂಕಟೇಶಪ್ಪ ಮಗ್ಗದಲ್ಲಿ, ಅವರ ಹೆಂಡತಿ ನೂಲು ಸುತ್ತುತ್ತಾ, ಪದ್ಮ ಮಗ್ಗದ ಸದ್ದನ್ನೂ ಮೀರಿಸಿ ಪುಸ್ತಕ ಓದುತ್ತಾ ಕುಳಿತಿದ್ದರು. ಕೊನೆಯ ಹಾಳೆ. ಭಾವನ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನ್ನ ಉಪಾಯ ಫಲಿಸಿತು ಎಂದು ಒಳಗೊಳಗೇ ಹಿಗ್ಗಿದೆ.

ಭಾವ ಮಗ್ಗ ನಿಲ್ಲಿಸಿ, ತಂಗಿ ಬೇಡ ಬೇಡ ಎಂದರೂ ಅವಳಿಂದ ಎರಡು ಸಲ ಓದಿಸಿಕೊಂಡೆವು ಎಂದರು. "ಮಗ್ಗಕ್ಕೆ ನೂಲು ಹೂಡಿದ ಮೇಲೆ ಸೀರೆ ಪೂರ್ತಿ ಇಳಿಸಬೇಕು ಭಾವ, ಅರ್ಧಕ್ಕೆ ಕತ್ತರಿಸೋ ಪದ್ಧತಿ ನಮ್ಮ ಮನ್ಯಾಗಿಲ್ಲ. ಪುಸ್ತಕಕ್ಕೂ ಅಷ್ಟೇಯ."

ಪದ್ಮ ಪುಸ್ತಕದ ನಡುವಿನಿಂದ ಒಂದು ಹಳೇ ಬಸ್ ಟಿಕೆಟ್ಟು ತೆಗೆದಳು. ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ. ಪುಟದ ಗುರುತಿಗೆಂದು ನಾನೇ ಇಟ್ಟದ್ದು.

"ಸೇತುವೆ ಬಿದ್ದದ್ದು ಓದೀರಿ," ಎಂದಳು. "ಆ ಊರಿನೋರು ಅವಳನ್ನ ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದ್ದು ಓದಿಲ್ಲ. ಮುಂದಿನ ಹಾಳ್ಯಾಗೇ ಐತೆ."

ನಾನು ಕೈಯಲ್ಲಿದ್ದ ನಿಂಬೆಹಣ್ಣನ್ನು ಜೇಬಿಗೆ ಸೇರಿಸಿದೆ.

"ಬಸ್ಸಿಗೆ ಹೆದರಿಕೆ ಅಂತ ಹೇಳಿದ್ರೆ ನಾನೇನು ಬಲವಂತ ಮಾಡ್ತಿದ್ನಾ? ನಲವತ್ತಾರು ವರ್ಷದ ಹಿಂದೆ ಹೇಳಿದ್ರೆ ಆಗಲೇ ಅಣ್ಣನ ಜೊತೆ ಹೋಗಿ ಬಂದಿರ್ತಿದ್ದೆ."

ಬೈದಿದ್ದರೆ ಬಿಸಿಲಿನಂತೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಟಿಕೆಟ್ಟನ್ನು ಅದೇ ಪುಟದಲ್ಲಿಟ್ಟು ಪುಸ್ತಕವನ್ನು ನನ್ನ ಕೈಗೆ ಕೊಟ್ಟಳು. ತಾನು ಬರುವಷ್ಟರಲ್ಲಿ ಮುಗಿಸಿರಬೇಕು ಎಂದಳು. ನನ್ನ ಜಾಗಕ್ಕೆ ಅಣ್ಣನ ಪಕ್ಕದ ಮನೆಯ ವಿಧವೆಯೊಬ್ಬರನ್ನು ಸೇರಿಸಿಕೊಂಡು ಹೊರಟೂ ಹೋದಳು.

ಮೊನ್ನೆ ಅಲ್ಲಿಂದ ಫೋನು ಮಾಡಿದ್ದಳು. ದರ್ಶನ ಚೆನ್ನಾಗಿ ಆಯಿತಂತೆ, ಬೆಟ್ಟದ ಬಸ್ಸಿನಲ್ಲಿ ಕಿಟಕಿ ಪಕ್ಕವೇ ಕುಳಿತಿದ್ದಳಂತೆ. ಆಮೇಲೆ, ಎಲ್ಲಿವರೆಗೆ ಬಂದಿರಿ ಎಂದು ಕೇಳಿದಳು. ಹೊಳೆ ದಾಟಿದೆ ಎಂದೆ.

ಅವಳು ನಾಡಿದ್ದು ಬರುತ್ತಾಳೆ. ಇನ್ನೂ ಅರವತ್ತು ಪುಟ ಉಳಿದಿದೆ. ಟಿಕೆಟ್ಟನ್ನು ಕೊನೆಯ ಹಾಳೆಗೆ ಸರಿಸಿಡಲು ಇವತ್ತು ಎರಡು ಸಲ ಕೈ ಹೋಯಿತು. ಆದರೆ ಪುಸ್ತಕದ ಸೈನಿಕರು ಚೀಲವನ್ನಷ್ಟೇ ಬಿಚ್ಚಿಸುತ್ತಾರೆ, ಪದ್ಮ ಬಾಗಿಲಲ್ಲೇ ನಿಲ್ಲಿಸಿ ಪುಟ ಪುಟದ ಪ್ರಶ್ನೆ ಕೇಳುತ್ತಾಳೆ. ಲೈಬ್ರರಿಗೆ ಹೋಗದೆ, ಮಂಡಕ್ಕಿಯನ್ನೂ ಮುಟ್ಟದೆ ಓದುತ್ತಿದ್ದೇನೆ. ಹೊಳೆ ದಾಟಿದ ಹೆಂಗಸು ಈಗ ಬಸ್ಸು ಹತ್ತಿದ್ದಾಳೆ, ದಾರಿಯೆಲ್ಲ ತಿರುವು. ಓದುತ್ತಿದ್ದರೆ ನನಗೆ ಹೊಟ್ಟೆ ತೊಳಸುತ್ತಿದೆ.