ಡಬ್ಬಿಯ ಗಿಡಕ್ಕೆ ಪುರಾವೆ

ನಾನು ಹುಮನಾಬಾದಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು, ಮನೆ ಬಸವಕಲ್ಯಾಣದಲ್ಲಿ. ಔಷಧಿ ಗಿಡಗಳೊಳಗಿನ ಸಂಯುಕ್ತಗಳ ಬಗ್ಗೆ ಒಮ್ಮೆ ಭಾಷಣ ಮಾಡಿದ್ದೇ ತಪ್ಪಾಯಿತು. ಅಂದಿನಿಂದ ಯಾರ ಕೈಗೆ ಯಾವ ಎಲೆ ಸಿಕ್ಕರೂ ಅದು ನನ್ನ ಮೂಗಿನ ಮುಂದೆ ಬರುತ್ತದೆ. ಎಲೆಯೊಳಗೆ ಏನಿದೆ ಎಂದು ಪುಸ್ತಕ ನೋಡಿ ಹೇಳಬಲ್ಲೆ. ಎಲೆ ಯಾವುದೆಂದು ಹೇಳಲು ಮಾತ್ರ ಬರುವುದಿಲ್ಲ.

ಬಸ್‌ಸ್ಟ್ಯಾಂಡಿನ ಗಿಡ

ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ದುಬಲಗುಂಡಿಯ ರೈತರೊಬ್ಬರು ಎಲೆ ತೋರಿಸಿದರು. "ಇದು ಯಾವ ಗಿಡ ಅದರಿ ಮೇಡಂ?"

ಮರ್ಯಾದೆ ಉಳಿಸಿಕೊಳ್ಳಲು, "ಹೂವು ನೋಡದ ಹೇಳಾಕ ಬರಂಗಿಲ್ರಿ" ಎಂದೆ.

ಮರುವಾರ ಅವರು ಹಳೇ ಎಣ್ಣೆ ಡಬ್ಬಿಯಲ್ಲಿ ಗಿಡವನ್ನೇ ತಂದು ನನ್ನ ಮಡಿಲಲ್ಲಿಟ್ಟರು. "ನೀರ್ ಹಾಕ್ರಿ. ಹೂವು ಬಂದ್ ಮ್ಯಾಲ ಹೇಳ್ರಿ, ಗಡಬಡ ಏನಿಲ್ಲ."

ಖಾಲಾ ಮತ್ತು ಇಲಿಗಳು

ನಾನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಪಕ್ಕದ ಮನೆಯ ಹಿರಿಯರಿಗೆ ಸಕ್ಕರೆ ಕಾಯಿಲೆ. ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿ ಗುಳಿಗೆ ಬಿಟ್ಟು, ದಿನಾ ಬೆಳಿಗ್ಗೆ ಎರಡು ಎಲೆ ತಿನ್ನತೊಡಗಿದ್ದರು. ನನ್ನನ್ನು ಹೆತ್ತ ಮಗಳಂತೆ ನೋಡಿಕೊಂಡ ಜೀವ ಅದು. ವಾರವಿಡೀ ಹುಡುಕಿ, ವಿಡಿಯೊದ ಆ ಎಲೆಯ ಮೇಲಿನ ಸಂಶೋಧನಾ ಲೇಖನ ತಂದು ಓದಿದೆ.

"ನೋಡ್ರಿ ಖಾಲಾ, ಇದನ್ನ ಬರೀ ಇಲಿಗೋಳ ಮ್ಯಾಲ ನೋಡ್ಯಾರ."

"ಇಲಿಗೆ ಸಕ್ಕರಿ ಕಮ್ಮಿ ಆತೇನು?"

"ಸ್ವಲ್ಪ ಆತ್ರಿ."

"ಇಲಿ ಗುಳಿಗಿ ತಗೋತಿತ್ತೇನು?"

"ಇಲ್ರಿ."

"ಮತ್ತ ನನಗ್ಯಾಕ ಗುಳಿಗಿ, ಬೇಟಾ?"

ಆಡಿನ ಮೇಲೆ ಅಪವಾದ

ಇತ್ತ ನನ್ನ ಅಂಗಳದಲ್ಲಿ ಡಬ್ಬಿಯ ಗಿಡದ ಎಲೆಗಳು ದಿನೇದಿನೇ ಕಡಿಮೆಯಾಗುತ್ತಿದ್ದವು. ಓಣಿಯ ಆಡುಗಳನ್ನು ಬೈದು ಬೈದು ನನ್ನ ಗಂಟಲು ಒಣಗಿತ್ತು. ಒಂದು ಭಾನುವಾರ ದುಬಲಗುಂಡಿಯವರು ಮನೆ ಹುಡುಕಿಕೊಂಡು ಬಂದರು. ಖಾಲಾ ನನ್ನ ಜೊತೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಬೋಳು ಗಿಡ ನೋಡಿ ರೈತರ ಮುಖ ಸಪ್ಪಗಾಯಿತು.

"ಏನ್ ಮಾಡ್ಲಿರಿ, ಆಡು ತಿಂದು ಹೋದ್ವು" ಎಂದೆ.

"ಸಾಧ್ಯನ ಇಲ್ರಿ! ನಮ್ಮ ಹನ್ನೊಂದು ಆಡು ಇದನ್ನ ಮೂಸಿ ಮೂತಿ ತಿರುವಿದ್ವು. ಅದಕ್ಕ ಅಲ್ಲೇನ್ರಿ ನಿಮಗ ಕೇಳಿದ್ದು, ಇದರಾಗ ವಿಷ ಏನರ ಅದ ಏನಂತ?"

ಖಾಲಾ ಚಹಾದ ಬಸಿ ಕೆಳಗಿಟ್ಟು ಎದ್ದು ನಿಂತರು. "ಯಾ ಅಲ್ಲಾ! ಇಷ್ಟ್ ಓದಿದವರು ನೀರ್ ಹಾಕಿ ಬೆಳಸಾಕತ್ಯಾರಂದ್ರ ವಿಡಿಯೊದಾಗಿನ ಎಲಿ ಇದ ಇರಬೇಕಂತ ತಿಳದು ದಿನಾ ಕಿತ್ತು ತಿಂದೆ, ಬೇಟಾ!"

ಕೂಡಲೇ ಆಟೊದಲ್ಲಿ ಅವರನ್ನು ದವಾಖಾನೆಗೆ ಕರೆದೊಯ್ದೆ. ದಾರಿಯುದ್ದಕ್ಕೂ ನನಗೆ ಅಳು. ಎಲೆಯಿಂದ ಏನೂ ಆಗಿರಲಿಲ್ಲ. ಸಕ್ಕರೆ ಮಾತ್ರ ಏರಿತ್ತು. ಡಾಕ್ಟರು ಗದರಿಸಿ ಗುಳಿಗೆ ಮತ್ತೆ ಶುರು ಮಾಡಿಸಿದರು. ಈಗ ಖಾಲಾ ಒಂದು ಹೊತ್ತೂ ತಪ್ಪಿಸುವುದಿಲ್ಲ. ಮೊನ್ನೆ ಯಾರೋ ಹೊಸ ಎಲೆಯೊಂದನ್ನು ಹೊಗಳಿದಾಗ ನಾನು ಲೇಖನ ಹುಡುಕಲು ಮೊಬೈಲ್ ತೆಗೆದೆ. ಖಾಲಾ ಕೈ ಹಿಡಿದು ತಡೆದರು.

"ಇಲಿ ಮಾತು ಬಿಡು, ಬೇಟಾ. ಆಡು ಏನಂತದ, ಅದು ಹೇಳು."