ಐದು ತಿಂಗಳ ಒಂದು ಹನಿ

ಐದು ತಿಂಗಳು ಕಾಯಿಸಿ ಬಂದ ಸೀಸೆ ಕಿರುಬೆರಳಿನ ಅರ್ಧದಷ್ಟಿತ್ತು. ಅದರೊಳಗಿನ ಹೆಪ್ಪುಗಟ್ಟಿದ ಹನಿ ಸೊಳ್ಳೆಯ ಸ್ನಾನಕ್ಕೂ ಸಾಲದು. ಆದರೆ ಸಂಶೋಧನಾ ವಿದ್ಯಾರ್ಥಿ ಸೆಲಾಸಿಯ ಭವಿಷ್ಯವೆಲ್ಲ ಅದರಲ್ಲೇ ಇತ್ತು. ಮಲೇರಿಯಾ ರೋಗಾಣು ರಕ್ತಕಣದೊಳಗೆ ನುಗ್ಗುವಾಗ ಕಣದ ಪೊರೆಯಲ್ಲಿರುವ ಒಂದು ರಿಸೆಪ್ಟರ್ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಅದನ್ನು ಶುದ್ಧಗೊಳಿಸಿ ಪರದೇಶದ ಕಂಪನಿಯೊಂದು ಕಳಿಸಿತ್ತು. ಅಂದೇ ಸಂಜೆ ನಾಲ್ಕರೊಳಗೆ ಫಲಿತಾಂಶ ತೋರಿಸದಿದ್ದರೆ ಸಂಶೋಧನೆ ಬಿಟ್ಟು ಮನೆಗೆ ನಡಿ ಎಂದು ಪ್ರೊಫೆಸರ್ ಬೋಟ್ವೆ ಖಡಾಖಂಡಿತವಾಗಿ ಹೇಳಿದ್ದರು.

ಘಾನಾದ ರಾಜಧಾನಿ ಅಕ್ರಾದ ಆ ಸಂಸ್ಥೆಯಲ್ಲಿ ಯಾವ ಸಾಮಾನು ಬಂದರೂ ಮೊದಲು ಉಗ್ರಾಣಕ್ಕೆ ಹೋಗಬೇಕು. ಸೆಲಾಸಿ ಓಡಿ ಬಂದಾಗ ಉಗ್ರಾಣದ ಆಂಟಿ ಆಕ್ವೆಲೆ ಸೀಸೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದು ನೋಡುತ್ತಿದ್ದರು.

“ಅಯ್ಯೋ ಆಂಟಿ, ಬಿಸಿ ತಗುಲಿದ್ರೆ ಕೆಟ್ಟೋಗುತ್ತೆ! ಕೊಡಿ ಇಲ್ಲಿ!” ಬಲಗೈಯಲ್ಲಿ ಐಸ್ ಬಕೆಟ್ ಇತ್ತು. ಪಾಪ, ಎಡಗೈ ಚಾಚಿದ.

“ಗುಡ್ ಮಾರ್ನಿಂಗ್ ಇಲ್ಲ, ಹೇಗಿದ್ದೀರಾ ಅನ್ನೋದಿಲ್ಲ, ನಿಮ್ಮಮ್ಮನ ವಯಸ್ಸಿನವಳಿಗೆ ಎಡಗೈ ಚಾಚ್ತೀಯಾ? ಹೊರಗೆ ಹೋಗಿ ಸರಿಯಾಗಿ ಒಳಗೆ ಬಾ!”

ಹೋದ, ಬಂದ. ಆಂಟಿಯ ಮಂಡಿನೋವು, ಮಗಳ ಬಾಣಂತನ ಎಲ್ಲವನ್ನೂ ವಿಚಾರಿಸಿದ. ಅಷ್ಟರಲ್ಲಿ ಸೀಸೆ ಡ್ರೈವರ್ ಓಡಾರ್ಟೆಯ ಕೈ ಸೇರಿತ್ತು.

“ನಿಂಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ ಕಣಯ್ಯಾ. ಇದರಲ್ಲಿ ಒಂದು ಹನಿ ನೀರು ಬಿಟ್ಟು ಏನೂ ಇಲ್ಲ,” ಎಂದ ಓಡಾರ್ಟೆ.

“ಪ್ರೋಟೀನು ಕಣ್ಣಿಗೆ ಕಾಣಲ್ಲ ಮಾರಾಯಾ!”

“ಕಾಣದೇ ಇರೋದನ್ನ ಬಂದಿದೆ ಅಂತ ನಾನು ಸಹಿ ಹಾಕ್ಬೇಕಾ? ಹತ್ತೊಂಬತ್ತು ವರ್ಷದಿಂದ ಉಗ್ರಾಣ ನೋಡ್ಕೊಂಡಿದ್ದೀನಿ. ಖಾಲಿ ಅಂದ್ರೆ ಖಾಲಿ!” ಆಂಟಿ ಅಲ್ಲೇ ಫೋಟೋ ತೆಗೆದು ಕಂಪನಿಗೆ ದೂರು ಕಳಿಸಿಯೇಬಿಟ್ಟರು.

ಸೆಲಾಸಿಯ ರಕ್ತ ಕುದಿಯಿತು. ಕುದಿಯದೆ ಇನ್ನೇನು? ಏಳು ವರ್ಷ ಓದಿದವನಿಗೆ ಡ್ರೈವರು ಪಾಠ ಹೇಳುವುದೆಂದರೆ! ಸೀಸೆ ಕಿತ್ತುಕೊಂಡು ಐಸಿನಲ್ಲಿ ಹೂತು, ನೇರ ಪ್ರೊಫೆಸರರ ಕೋಣೆಗೆ ನುಗ್ಗಿದ. ಆಂಟಿ ರಿಜಿಸ್ಟರ್ ಹಿಡಿದು ಬೆನ್ನಟ್ಟಿದರು. ಅವರ ಹಿಂದೆ ಅರ್ಧ ಸಂಸ್ಥೆಯೇ ಬಂತು.

“ಸರ್, ಇವರು ಕ್ಷಮೆ ಕೇಳೋವರೆಗೂ ನಾನು ಪಿಪೆಟ್ ಮುಟ್ಟಲ್ಲ!”

ಪ್ರೊಫೆಸರ್ ಸೀಸೆಯ ಚೀಟಿ ಓದಿ ತಲೆದೂಗಿದರು. “ಇವನು ಹೇಳೋದು ಸರಿ, ಮೇಡಂ. ಇದು ಕಾಣೋ ವಸ್ತು ಅಲ್ಲ.”

ಆಂಟಿ ಎಲ್ಲರೆದುರು ‘ತಪ್ಪಾಯ್ತು’ ಎಂದರು. ಸೆಲಾಸಿಗೆ ಅಷ್ಟು ಸಾಲಲಿಲ್ಲ. ಇನ್ನೊಮ್ಮೆ, ಜೋರಾಗಿ ಹೇಳಿಸಿದ. ‘ಸೀಸೆ ತುಂಬಿದೆ’ ಎಂದು ರಿಜಿಸ್ಟರಿನಲ್ಲಿ ಬರೆಸಿ ಸಹಿಯನ್ನೂ ಹಾಕಿಸಿದ.

ಮೂರೂವರೆಗೆ ಪ್ರಯೋಗ ಮುಗಿಯಿತು. ಯಂತ್ರದ ಪರದೆಯ ಮೇಲೆ ಮಲಗಿದ್ದ ಗೆರೆ ಏಳಲೇ ಇಲ್ಲ; ಫಲಿತಾಂಶ ಸೊನ್ನೆ. ಸೆಲಾಸಿ ಉಗ್ರಾಣಕ್ಕೆ ಹಾರಿದ. “ಬಿಸಿಲಿಗೆ ಹಿಡಿದು ಸಾಯಿಸಿಬಿಟ್ರಿ! ನಿಮಗೆ ಉಗ್ರಾಣ ಯಾಕೆ? ಮನೆಯಲ್ಲಿ ಕೂತು ಕೆಂಕೆ ಕಡುಬು ಬೇಯಿಸಿ!”

ಅಷ್ಟರಲ್ಲಿ ಪ್ರೊಫೆಸರ್ ಫೋನ್ ಹಿಡಿದು ಬಂದು, ಕಂಪನಿಯ ಉತ್ತರ ಓದಿದರು: “ಆಕ್ವೆಲೆ ಮೇಡಂ, ನಿಮ್ಮ ದೂರು ಸರಿಯಾಗಿದೆ. ಪ್ರೋಟೀನು ಹಾಕುವುದನ್ನೇ ನಮ್ಮವರು ಮರೆತಿದ್ದಾರೆ. ಅದರಲ್ಲಿರುವುದು ಬರೀ ಉಪ್ಪುನೀರು. ಐದು ತಿಂಗಳಲ್ಲಿ ಬೇರೆ ಕಳಿಸುತ್ತೇವೆ.”

ಸೆಲಾಸಿ ಪ್ರೊಫೆಸರರತ್ತ ತಿರುಗಿದ. “ಸರ್, ಹಾಗಾದ್ರೆ ನನ್ನ ಗಡುವು...”

“ಮುಂದೂಡೋಣ. ಆದ್ರೆ ಆಡಳಿತ ಮಂಡಳಿ ಕಂಪನಿ ಮಾತು ಒಪ್ಪಲ್ಲ. ಸೀಸೆ ಖಾಲಿ ಬಂತು ಅಂತ ಉಗ್ರಾಣದಿಂದ ಒಂದು ಸಹಿ ತಗೊಂಡು ಬಾ, ಸಾಕು.”

ಆಂಟಿ ಆಕ್ವೆಲೆ ರಿಜಿಸ್ಟರನ್ನು ನಿಧಾನವಾಗಿ ಮುಚ್ಚಿದರು.

“ಖಾಲಿನಾ? ಇಲ್ಲಪ್ಪಾ, ತುಂಬಿತ್ತು. ಎಲ್ಲರ ಮುಂದೆ ಎರಡು ಸಲ ಒಪ್ಕೊಂಡಿದ್ದೀನಿ. ಪ್ರೋಟೀನು ನಮ್ಮಂಥವರ ಕಣ್ಣಿಗೆಲ್ಲಿ ಕಾಣುತ್ತೆ?”