ಐದನೆಯ ಮುತ್ತೈದೆ

ನಾನು ಕುಡುಕನಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಚೆಗೆ ಬಹಳ ಸಲ ಅನ್ನಿಸಿದೆ. ನಮ್ಮ ಶಾಲೆಯಲ್ಲಿ ಕುಡಿಯುವ ಮೇಷ್ಟರೊಬ್ಬರಿದ್ದಾರೆ. ಸಂತೆಯ ದಿನ ಅವರನ್ನು ಇಬ್ಬರು ಹಿಡಿದು ಮನೆ ಮುಟ್ಟಿಸಬೇಕು. ಆದರೂ ನ್ಯಾಮತಿಯ ಜನಕ್ಕೆ ಅವರೆಂದರೆ ಪ್ರೀತಿ. ‘ಒಳಗೆ ಹೋದ್ಮೇಲೆ ಹಂಗೆ, ಮನಸ್ಸು ಮಾತ್ರ ಬಂಗಾರ’ ಎನ್ನುತ್ತಾರೆ. ನಾನು ಕುಡಿಯುವುದಿಲ್ಲ, ಯಾರ ತಂಟೆಗೂ ಹೋಗುವುದಿಲ್ಲ, ಮಕ್ಕಳಿಗೆ ಗಣಿತವನ್ನು ತಕ್ಕಮಟ್ಟಿಗೆ ಅರ್ಥ ಮಾಡಿಸುತ್ತೇನೆ. ನನಗಿರುವುದು ಒಂದೇ ದೋಷ, ದೇವರಿದ್ದಾನೆ ಎಂದು ಅನ್ನಿಸುವುದಿಲ್ಲ.

ಇದನ್ನು ನಾನೇನೂ ಡಂಗುರ ಸಾರಿದವನಲ್ಲ. ಹೊನ್ನಾಳಿಯಿಂದ ವರ್ಗವಾಗಿ ಬಂದ ಹೊಸದರಲ್ಲಿ, ಪಕ್ಕದ ಮನೆಯ ಗಿರಿಜಮ್ಮನವರ ಗೃಹಪ್ರವೇಶಕ್ಕೆ ಹೋಗಿದ್ದೆವು. ಅಯ್ಯನವರು ವಿಭೂತಿ ಹಚ್ಚಲು ಬಂದಾಗ ‘ನನಗೆ ನಂಬಿಕೆ ಇಲ್ಲ, ಬೇಡ್ರಿ’ ಎಂದುಬಿಟ್ಟೆ. ನನ್ನ ಎಲೆಗೆ ಹೋಳಿಗೆ ಬರುವಷ್ಟರಲ್ಲಿ ಸುದ್ದಿ ಅಡುಗೆಮನೆ ಮುಟ್ಟಿ ವಾಪಸ್ಸು ಬಂದಿತ್ತು. ಯಾರಾದರೂ ಬೈದಿದ್ದರೆ ವಾದ ಮಾಡಬಹುದಿತ್ತು. ಎಲ್ಲರೂ ಮರುಗಿದರು! ‘ಪಾಪ, ಏನು ಪೆಟ್ಟು ಬಿದ್ದೈತೋ’ ಎಂದು ಒಬ್ಬರು ಇನ್ನೊಂದು ಹೋಳಿಗೆ ಹಾಕಿಸಿದರು. ಸುದ್ದಿ ಚನ್ನಗಿರಿಗೂ ಹೋಗಿ, ಅಲ್ಲಿನ ನನ್ನ ಭಾವ ಒಂದು ತಾಯಿತ ಕಳಿಸಿದರು.

ನನ್ನ ಹೆಂಡತಿ ಸುಶೀಲಾ ಮಹಾ ದೈವಭಕ್ತೆ. ದಿನವೂ ಪೂಜೆಯ ಕೊನೆಯಲ್ಲಿ ನನಗೆ ಒಳ್ಳೆಯ ಬುದ್ಧಿ ಕೊಡೆಂದು ಬೇಡುತ್ತಾಳೆ, ಅದೂ ನನಗೆ ಕೇಳಿಸುವ ಹಾಗೆ.

ಕಳೆದ ವಾರ ಗಿರಿಜಮ್ಮನವರ ಬಸುರಿ ಮಗಳಿಗೆ ಉಡಿ ತುಂಬುವ ಶಾಸ್ತ್ರವಿತ್ತು. ಅದಕ್ಕೆ ಐವರು ಮುತ್ತೈದೆಯರು ಬೇಕು, ಬಂದವರು ನಾಲ್ವರು. ಸುಶೀಲಾ ಬೆಳಿಗ್ಗೆಯೇ ರೇಷ್ಮೆ ಸೀರೆ ಉಟ್ಟು ಕರೆಗಾಗಿ ಕಾದಿದ್ದಳು. ಗಿರಿಜಮ್ಮ ನಮ್ಮ ಬಾಗಿಲ ಮುಂದೆಯೇ ಹಾದು, ಐದನೆಯವರನ್ನು ಕರೆಯಲು ಹಿಂದಿನ ಬೀದಿಗೆ ಹೊರಟರು. ಸುಶೀಲಾ ಅದೇ ಸೀರೆಯಲ್ಲಿ ಅಕ್ಕಿ ಆರಿಸಲು ಕೂತಳು.

ಓಡಿಹೋಗಿ ಗಿರಿಜಮ್ಮನವರನ್ನು ದಾರಿಯಲ್ಲೇ ನಿಲ್ಲಿಸಿದೆ. ‘ನಮ್ಮನೆಯವಳು ಏನು ತಪ್ಪು ಮಾಡಿದಾಳ್ರಿ?’

‘ಅಯ್ಯೋ, ಅಕ್ಕೋರದ್ದು ಏನೂ ತಪ್ಪಿಲ್ರಿ ಮೇಷ್ಟ್ರೇ. ಅವ್ರಷ್ಟು ಪೂಜೆ ಮಾಡೋರು ಈ ಬೀದಿಯಾಗೆ ಯಾರೂ ಇಲ್ಲ. ಆದ್ರೆ ಇಷ್ಟು ವರ್ಷ ಬೇಡಿಕೊಂಡ್ರೂ ಗಂಡನ್ನೇ ತಿದ್ದಾಕೆ ಆಗ್ಲಿಲ್ಲ. ಅವ್ರು ಹರಸಿದ್ರೆ ನನ್ನ ಮಗಳಿಗೆ ಹೆಂಗೆ ಫಲಿಸ್ತೈತೆ, ನೀವೇ ಹೇಳ್ರಿ!’

ಇಪ್ಪತ್ತು ವರ್ಷ ಗಣಿತ ಕಲಿಸಿದವನಿಗೆ ಆ ಲೆಕ್ಕದಲ್ಲಿ ಒಂದು ತಪ್ಪೂ ಸಿಗಲಿಲ್ಲ.

ಮನೆಗೆ ಬಂದವನೇ ದೇವರ ಗೂಡಿಗೆ ಕೈಹಾಕಿ ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡೆ. ಐದನೆಯವರು ಬರುವಷ್ಟರಲ್ಲಿ ಹೆಂಡತಿಯ ಪೂಜೆ ಫಲಿಸಿತೆಂದು ಹೋಗಿ ಗಿರಿಜಮ್ಮನವರಿಗೆ ತೋರಿಸಿದರಾಯಿತು. ಬಾಗಿಲಲ್ಲಿ ಸುಶೀಲಾ ಅಡ್ಡ ನಿಂತಳು. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ಎಲ್ಲ ತಿಳಿದಿರಬೇಕು. ರೇಷ್ಮೆ ಸೆರಗಿನಿಂದಲೇ ನನ್ನ ಹಣೆ ಒರೆಸಿದಳು.

‘ಬ್ಯಾಡ್ರಿ. ಅವ್ರು ಕರೀಲಿ ಅಂತ ನನ್ನ ದೇವ್ರ ಹತ್ರ ಸುಳ್ಳು ಆಡ್ತೀರಾ? ನಾನು ದಿನಾ ಕೇಳ್ಕೊಂಡಿದ್ದು ಇದನ್ನಲ್ಲ.’

ಆಚೆ ಮನೆಯಲ್ಲಿ ಹಾಡು ಶುರುವಾಯಿತು. ಮತ್ತೆ ಕೂತು ಅಕ್ಕಿ ಆರಿಸುತ್ತಲೇ ಇವಳೂ ಮೆಲ್ಲಗೆ ದನಿಗೂಡಿಸಿದಳು. ಕೇಳುತ್ತ ನಿಂತವನಿಗೆ ಯಾರನ್ನಾದರೂ ಹಿಡಿದು ಬಾಯಿತುಂಬ ಬೈಯಬೇಕು ಎನ್ನಿಸಿತು. ಇಂಥ ಹೊತ್ತಿನಲ್ಲಿ ಊರಿನವರೆಲ್ಲ ದೇವರನ್ನು ಬೈದು ಹಗುರಾಗುತ್ತಾರೆ. ನನಗೆ ಆ ಅನುಕೂಲವೂ ಇಲ್ಲ.